ವಾರ್ಡಿನಲ್ಲಿ ಓಡಿದ ರಿಮೋಟ್ ಜೀಪು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 2,400 ರೂಪಾಯಿ ಕೊಟ್ಟು ತಂದ ಜೀಪು ಇದು, 1:18 ಅಳತೆಯದು, ಅಂದರೆ ನಿಜವಾದ ಜೀಪಿನ ಹದಿನೆಂಟನೇ ಒಂದರಷ್ಟು. ಅಕ್ಕನ ಮಗ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ನರ್ಸಮ್ಮನನ್ನು ಕೇಳಿ, ಚಕ್ರಗಳನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿ ಒಳಗೆ ಒಯ್ದೆ.

ಸದ್ದು ಕಡಿಮೆ. ವೇಗ ತಗ್ಗಿಸುವ ಗುಂಡಿ ಇರುವುದರಿಂದ ಡ್ರಿಪ್ ಸ್ಟ್ಯಾಂಡಿಗೆ ಗುದ್ದಲಿಲ್ಲ. ಪಕ್ಕದ ಮಂಚದ ಅಜ್ಜಿಯ ಚಪ್ಪಲಿಗೆ ಮಾತ್ರ ಗುದ್ದಿತು. ಅಜ್ಜಿ ನಕ್ಕರು, ಸದ್ಯ!

ಕೊರತೆ ಗೊತ್ತಾಗಿದ್ದು ಆಮೇಲೆ. ಎರಡು ಕಡ್ಡಿಯ ರಿಮೋಟು, ಎರಡೂ ಕೈ ಬೇಕು. ಎದುರು ಮಂಚದ ಹುಡುಗಿಯ ಒಂದು ಕೈಗೆ ಸೂಜಿ ಹಾಕಿ ಪಟ್ಟಿ ಸುತ್ತಿದ್ದರು. ಕೊನೆಗೆ ಇವನು ತಿರುಗಿಸೋದು, ಅವಳು ಹಿಂದೆ-ಮುಂದೆ ಓಡಿಸೋದು ಅಂತ ರಾಜಿಯಾಯಿತು. ಒಬ್ಬರೇ ಓಡಿಸಿದ್ದಕ್ಕಿಂತ ಅದೇ ಮಜವಾಗಿತ್ತು.

ರಿಮೋಟಿನ ರೇಡಿಯೋ ಅಲೆ 2.4 ಗಿಗಾಹರ್ಟ್ಸ್‌ನದಾದ್ದರಿಂದ ಎರಡು ಗಾಡಿ ಒಟ್ಟಿಗೆ ಓಡಿಸಬಹುದು. ಹಳೆಯ 27 ಮೆಗಾಹರ್ಟ್ಸ್ ಆಟಿಕೆಗಳಲ್ಲಿ ಒಂದರ ರಿಮೋಟಿಗೆ ಇನ್ನೊಂದೂ ಕುಣಿಯುತ್ತಿತ್ತು.

ಬ್ಯಾಟರಿ ಮಾತ್ರ ಮೋಸ. 15 ನಿಮಿಷಕ್ಕೆ ಖಾಲಿ, ತುಂಬಲು 2 ಗಂಟೆ. ಇನ್ನೊಂದು ಬ್ಯಾಟರಿ ಕೊಂಡೇ ಹೋಗಿ. ನಾನು ಕೊಂಡಿರಲಿಲ್ಲ, ಆ 2 ಗಂಟೆ ಬಾಯಲ್ಲೇ ಬುರ್ರ್ ಅನ್ನುತ್ತಾ ಜೀಪನ್ನು ಕೈಯಲ್ಲಿ ತಳ್ಳಿದೆ.