ಮಿಂದ ಮೇಲಿನ ತುರಿಕೆಗೆ ಮುರುಗಲು ತುಪ್ಪ: ಎಷ್ಟು ಉಪಯೋಗ?

ಮಲೆನಾಡಿನಲ್ಲಿ ಮುರುಗಲು ತುಪ್ಪ, ಅಂದರೆ ಮುರುಗಲು (ಪುನರ್ಪುಳಿ) ಹಣ್ಣಿನ ಬೀಜದಿಂದ ತೆಗೆದ ಗಟ್ಟಿ ಜಿಡ್ಡು, ಒಡೆದ ಹಿಮ್ಮಡಿಗೆ ಹಳೆಯ ಮದ್ದು. ಮಾಗಿ ಚಳಿಯಲ್ಲಿ ಮಿಂದ ಕೂಡಲೇ ಮೊಣಕಾಲ ಕೆಳಗೆ, ತೋಳಿಗೆ ಬರುವ ತುರಿಕೆಗೂ ಒಳ್ಳೆಯದೇ. ಹಚ್ಚುವ ಕ್ರಮ ಮಾತ್ರ ಗೊತ್ತಿರಬೇಕು.

ಬರೀ ಉಂಡೆಯನ್ನು ಮೈಗೆ ತಿಕ್ಕಿದರೆ ಪ್ರಯೋಜನ ಕಡಿಮೆ. ಇದು ಕರಗಲು ಸುಮಾರು 40 ಡಿಗ್ರಿ ಬಿಸಿ ಬೇಕು, ಚರ್ಮ ಅಷ್ಟು ಬೆಚ್ಚಗಿರುವುದಿಲ್ಲ. ಒಂದು ಚಮಚ ತುಪ್ಪಕ್ಕೆ ನಾಲ್ಕು ಚಮಚ ಕೊಬ್ಬರಿ ಎಣ್ಣೆ ಸೇರಿಸಿ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸಿಕೊಳ್ಳಿ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಪಸೆಯಾಗಿರುವಾಗಲೇ, ಮೂರು ನಿಮಿಷದೊಳಗೆ ತೆಳ್ಳಗೆ ಸವರಿ. ತುಪ್ಪದಲ್ಲಿ ನೀರಿನಂಶವಿಲ್ಲ; ಚರ್ಮದಲ್ಲಿರುವ ತೇವ ಆರದಂತೆ ತಡೆಯುವುದಷ್ಟೇ ಅದರ ಕೆಲಸ. ಒಣಗಿದ ಮೇಲೆ ಹಚ್ಚಿದವರೇ "ಏನೂ ಆಗಲಿಲ್ಲ" ಎನ್ನುವುದು ಹೆಚ್ಚು.

ಕೊಳ್ಳುವಾಗ ಮೂಸಿ ನೋಡಿ, ಕಮಟು ವಾಸನೆ ಬಂದರೆ ಬೇಡ. ಚಳಿಗೆ ಮಿಶ್ರಣ ಮತ್ತೆ ಗಟ್ಟಿಯಾಗುತ್ತದೆ, ಬಟ್ಟೆಗೆ ಜಿಡ್ಡು ಹಿಡಿಯುತ್ತದೆ. ಬಚ್ಚಲಲ್ಲೇ ಹಚ್ಚಿದರೆ ಕಾಲು ಜಾರೀತು.

ಹಂಡೆಯ ಸುಡುನೀರನ್ನು ಅರ್ಧ ತಾಸು ಎರೆದುಕೊಂಡರೆ ಯಾವ ತುಪ್ಪವೂ ಸೋಲುತ್ತದೆ: ಚರ್ಮದ ಸ್ವಂತ ಜಿಡ್ಡೇ ತೊಳೆದುಹೋಗಿರುತ್ತದೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ ಸಾಕು. ಸೋಪು ಕಂಕುಳು, ತೊಡೆಸಂದು, ಪಾದಕ್ಕಷ್ಟೇ.

ರಾತ್ರಿ ಹೆಚ್ಚುವ, ಮನೆಮಂದಿಗೆಲ್ಲ ಹಬ್ಬಿದ ತುರಿಕೆ ಕಜ್ಜಿಯಿರಬಹುದು. ಉಂಗುರದಂಥ ಕಲೆಯಿದ್ದರೆ ಹುಳುಕಡ್ಡಿ. ಎರಡಕ್ಕೂ ಇದು ಮದ್ದಲ್ಲ. ಗುಳ್ಳೆ, ಕೆಂಪು ಏನೂ ಇಲ್ಲದೆ, ತಣ್ಣೀರು ತಾಗಿದರೂ ಚುಚ್ಚಿದಂತಾದರೆ ವೈದ್ಯರಲ್ಲಿ ರಕ್ತಪರೀಕ್ಷೆಯ ಬಗ್ಗೆ ಕೇಳಿ; ಅಪರೂಪಕ್ಕೆ ಕೆಂಪು ರಕ್ತಕಣ ಅತಿಯಾಗಿ ಹೆಚ್ಚುವ ಕಾಯಿಲೆಯೂ ಹೀಗೆ ಕಾಣಿಸಿಕೊಳ್ಳುತ್ತದೆ.