ತಾಮ್ರ–ಸ್ಟೀಲ್ ಬ್ರೇಜಿಂಗಿಗೆ ಅಮಾರ್ಫಸ್ ನಿಕಲ್ ಫಾಯಿಲ್: ಬಹುದಿನ ಬಳಸಿದ ಮೇಲೆ

ರೇಟಿಂಗ್ 5ಕ್ಕೆ 4. ಒಂದು ಅಂಕ ಕಳೆದದ್ದು ಇಡೀ ಸುರುಳಿಯನ್ನೇ ಕೊಳ್ಳಿ ಎಂದು ಪಟ್ಟು ಹಿಡಿಯುವ ಡೀಲರ್‌ಗೆ.

ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ವಾಟರ್ ಕೂಲರ್, ಹಾಲಿನ ಚಿಲ್ಲರ್ ಕೆಲಸವೇ ಹೆಚ್ಚು. ಸ್ಟೇನ್‌ಲೆಸ್ ಸ್ಟೀಲಿನ ನಿಪ್ಪಲ್‌ಗೆ (ಪೈಪ್ ಕೂಡಿಸುವ ಚಿಕ್ಕ ಕೊಳವೆ) ತಾಮ್ರದ ಪೈಪ್ ಬ್ರೇಜ್ ಮಾಡಲು, ಅಂದರೆ ಅವೆರಡನ್ನೂ ಕರಗಿಸದೆ ನಡುವೆ ಬೇರೆ ಲೋಹ ಕರಗಿಸಿ ಕೂಡಿಸಲು, ಮೊದಲು ಗ್ಯಾಸ್ ಟಾರ್ಚ್, ಬೆಳ್ಳಿ ಕಡ್ಡಿ, ಲೋಹದ ಮೈ ಶುಚಿಗೊಳಿಸುವ ಫ್ಲಕ್ಸ್ ಬಳಸುತ್ತಿದ್ದೆವು. ಫ್ಲಕ್ಸ್ ಪೂರ್ತಿ ತೊಳೆಯದಿದ್ದರೆ ಜಾಯಿಂಟ್ ಹಸಿರುಗಟ್ಟಿ ಸೋರುತ್ತಿತ್ತು. ತಾಮ್ರ–ತಾಮ್ರಕ್ಕೆ ಬಳಸುವ ಫಾಸ್ಫರಸ್ ಕಡ್ಡಿ ಇಲ್ಲಿ ನಡೆಯದು. ಫಾಸ್ಫರಸ್ ಸ್ಟೀಲಿನ ಕಬ್ಬಿಣದೊಂದಿಗೆ ಸೇರಿ ಪೆಡಸಾಗುತ್ತದೆ, ಕಂಪ್ರೆಸರ್ ನಡುಕಕ್ಕೆ ಬಿರಿಯುತ್ತದೆ.

ಈ ಫಾಯಿಲ್‌ನಲ್ಲಿ ನಿಕಲ್ ಜೊತೆ ಸುಮಾರು 7% ಕ್ರೋಮಿಯಂ, ಸ್ವಲ್ಪ ಸಿಲಿಕಾನ್, ಬೋರಾನ್, ಕಬ್ಬಿಣ. ಕರಗಿದ ಲೋಹವನ್ನು ಸೆಕೆಂಡಿಗೆ ಸುಮಾರು 10 ಲಕ್ಷ ಡಿಗ್ರಿ ವೇಗದಲ್ಲಿ ತಣಿಸುವುದರಿಂದ ಹರಳುಗಟ್ಟಲು ಪುರುಸೊತ್ತೇ ಸಿಗುವುದಿಲ್ಲ; ಅಮಾರ್ಫಸ್ ಅಂದರೆ ಇದೇ. ಅದಕ್ಕೇ ಕತ್ತರಿಯಲ್ಲಿ ಕತ್ತರಿಸಿ ಪೈಪಿಗೆ ಸುತ್ತಿದರೂ ಮುರಿಯುವುದಿಲ್ಲ. ಒಮ್ಮೆ ಕಾಯ್ದು ಆರಿ ಹರಳುಗಟ್ಟಿದ ತುಂಡನ್ನು ಮಡಚಿ ನೋಡಿ, ಚಟ್ ಅಂತ ಮುರಿಯುತ್ತದೆ. ಅಂಚು ಬ್ಲೇಡಿನಷ್ಟು ಹರಿತ, ಕೈಗವಸು ಬೇಕೇ ಬೇಕು.

ಈ ಫಾಯಿಲನ್ನು ನಾವು ಟಾರ್ಚ್ ಬದಲು ಲೇಸರ್‌ನಿಂದ ಕರಗಿಸುತ್ತೇವೆ, ಅಸಲಿ ಕಷ್ಟ ಇರುವುದು ಅಲ್ಲೇ. ಫಾಯಿಲ್ ಪೂರ್ತಿ ಕರಗಲು ಸುಮಾರು 1000 ಡಿಗ್ರಿ ಬೇಕು, ತಾಮ್ರವೇ 1085ಕ್ಕೆ ಕರಗುತ್ತದೆ. ಸ್ವಲ್ಪ ಹೊತ್ತು ಜಾಸ್ತಿ ನಿಂತರೆ ಪೈಪಿಗೇ ತೂತು. ಮೇಲಾಗಿ ಫೈಬರ್ ಲೇಸರ್ ಬೆಳಕಿನ ಬಹುಪಾಲನ್ನು ತಣ್ಣಗಿನ ತಾಮ್ರ ವಾಪಸ್ ಎಸೆಯುತ್ತದೆ. ಹಾಗಾಗಿ ನಾವು ಕಿರಣವನ್ನು ಸ್ಟೀಲ್ ಕಡೆಗೇ ಹಿಡಿಯುತ್ತೇವೆ; ಸ್ಟೀಲ್ ಕಾಯ್ದು ಶಾಖ ಒಳಗೆ ಹೋಗುತ್ತದೆ, ಫಾಯಿಲ್ ಕರಗಿ ಹರಿದು ಅಂಚಿನಲ್ಲಿ ಕೂದಲೆಳೆಯಷ್ಟು ಬೆಳ್ಳನೆ ಗೆರೆ ಮೂಡುತ್ತದೆ. ಆ ಗೆರೆ ಸುತ್ತಲೂ ಬಂದರೆ ಮಾತ್ರ ಕೈ ಬಿಡುವುದು. ಗಾಳಿ ತಾಗದಂತೆ ಹೊರಗೂ ಪೈಪಿನೊಳಗೂ ಆರ್ಗಾನ್ ಅನಿಲ ಇರಬೇಕು, ಇಲ್ಲದಿದ್ದರೆ ಕಪ್ಪಾಗಿ ಎಲ್ಲೂ ಹರಿಯುವುದಿಲ್ಲ. ಕಣ್ಣಿಗೆ ಗ್ಯಾಸ್ ವೆಲ್ಡಿಂಗ್ ಕನ್ನಡಕ ಸಾಲದು, ಈ ಲೇಸರಿಗೆಂದೇ ಮಾಡಿದ್ದು ಬೇಕು. ಹುಡುಗರು "ಏನೂ ಕಾಣಂಗಿಲ್ರಿ ಸಾವ್ಕಾರ, ಯಾಕ ಹಾಕ್ಬೇಕು" ಅಂತಾರೆ. ಈ ಕಿರಣ ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಅದರ ಅಪಾಯ.

ನಮ್ಮ ಮೇ ತಿಂಗಳ ಬಿಸಿಲಿಗೆ ಲೇಸರ್ ಮಶೀನನ್ನು ತಣ್ಣಗಿಡುವ ಚಿಲ್ಲರ್ ಮಧ್ಯಾಹ್ನ ಅಲಾರಂ ಹೊಡೆಯುತ್ತದೆ. ಲೇಸರ್ ಕೆಲಸ ಬೆಳಿಗ್ಗೆಯೇ ಮುಗಿಸುವುದು ವಾಸಿ.

ಸಂದು ಫಾಯಿಲ್ ದಪ್ಪದಷ್ಟೇ, ಅಂದರೆ 40–50 ಮೈಕ್ರಾನ್ ಇದ್ದರೆ ಜಾಯಿಂಟ್ ಗಟ್ಟಿ. ಹೀಗೆ ಮಾಡಿದ್ದು ಸೋರಿ ವಾಪಸ್ ಬಂದಿಲ್ಲ. ಸವೆದು ಸಡಿಲಾದ ಹಳೆ ನಿಪ್ಪಲ್ ಬಂದರೆ ನಾನು ಈಗಲೂ ಬೆಳ್ಳಿ ಕಡ್ಡಿಯನ್ನೇ ಎತ್ತಿಕೊಳ್ಳುತ್ತೇನೆ. ಲೇಸರ್ ಮಶೀನ್ ಮೊದಲೇ ಇದ್ದವರಿಗೆ ಫಾಯಿಲ್ ಲಾಭ. ಇದಕ್ಕೆಂದೇ ಮಶೀನ್ ಕೊಳ್ಳಬೇಡಿ.