ಬಾಡಿಗೆ ಮನೆ ಕಟ್ಟಲು ಸಾಲ: ಸರ್ಕಾರಿ ಬ್ಯಾಂಕೋ, ಫೈನಾನ್ಸ್ ಕಂಪನಿಯೋ, ಸೊಸೈಟಿಯೋ?

ಬೆಂಗಳೂರಿನ 30x40 ಸೈಟಿನಲ್ಲಿ ಬಾಡಿಗೆಗೆಂದೇ ಮನೆ ಕಟ್ಟುವುದಾದರೆ ನನ್ನ ಆಯ್ಕೆ ಸರ್ಕಾರಿ ಬ್ಯಾಂಕ್, ಅದೂ ಸೈಟಿಗೆ ಹತ್ತಿರದ ಶಾಖೆ. ಆ ಬಡಾವಣೆಯ ಪತ್ರಗಳು ಅಲ್ಲಿನ ಪ್ಯಾನೆಲ್ ವಕೀಲರ (ಬ್ಯಾಂಕಿಗಾಗಿ ಪತ್ರ ಪರಿಶೀಲಿಸುವವರು) ಕೈಯಲ್ಲಿ ಹಿಂದೆಯೇ ಓಡಾಡಿರುತ್ತವೆ.

ಬ್ಯಾಂಕಿನಲ್ಲಿ ಎಡವುವುದು ಪ್ಲಾನ್ ವಿಷಯದಲ್ಲಿ. ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) 1.75 ಎಂದಿಟ್ಟುಕೊಂಡರೆ 1200 ಚದರಡಿ ಸೈಟಿಗೆ ಮಂಜೂರಾಗುವುದು 21 ಚದರ (ಒಂದು ಚದರ ಅಂದರೆ 100 ಚದರಡಿ). ಬಾಡಿಗೆ ಆಸೆಗೆ 36 ಚದರ ಎಬ್ಬಿಸಲು ಹೊರಟರೆ, ಚದರಕ್ಕೆ 2 ಲಕ್ಷದಂತೆ ಖರ್ಚು 72 ಲಕ್ಷ. ಬ್ಯಾಂಕಿನ ವ್ಯಾಲ್ಯೂಯರ್ (ಬೆಲೆ ಕಟ್ಟುವವರು) ಹಿಡಿಯುವುದು 21 ಚದರದ 42 ಲಕ್ಷ ಮಾತ್ರ; ಸಾಲ ಸಿಗುವುದು ಅದರ 80% ಅಂದರೆ 33.6 ಲಕ್ಷ. ಉಳಿದ 38.4 ಲಕ್ಷ ನಿಮ್ಮ ಕೈಯಿಂದಲೇ ಬರಬೇಕು.

ಪೆಟ್ಟು ಬೀಳುವುದು ಅರ್ಧ ದಾರಿಯಲ್ಲಿ. ಹಣ ಪಾಯ, ಮೋಲ್ಡ್, ಪ್ಲಾಸ್ಟರಿಂಗ್ ಹೀಗೆ ಹಂತಹಂತವಾಗಿ ಬರುತ್ತದೆ. ಕೊನೆಯ ಮೋಲ್ಡ್ ಮೇಲೂ ಕಾಲಂ ಕಂಬಿ ನಿಂತಿದ್ದರೆ ಇನ್ನೊಂದು ಮಹಡಿ ಏಳಲಿದೆ ಎಂದರ್ಥ; ವ್ಯಾಲ್ಯೂಯರ್ ವರದಿಯಲ್ಲಿ 'ಡೀವಿಯೇಷನ್' (ಪ್ಲಾನ್ ಮೀರಿದ್ದು) ಎಂದು ಬರೆಯುತ್ತಾರೆ, ಮುಂದಿನ ಹಣ ನಿಲ್ಲುತ್ತದೆ. ಶನಿವಾರದ ಬಟವಾಡೆಯನ್ನು ನಿಲ್ಲಿಸಲಾಗುವುದಿಲ್ಲ, ಕೈಸಾಲ ಶುರುವಾಗುತ್ತದೆ. ಆದ್ದರಿಂದ ಅರ್ಜಿಗೆ ಮೊದಲೇ ಎಂಜಿನಿಯರ್ ಅಂದಾಜುಪಟ್ಟಿಯ ಚದರ, ಪ್ಲಾನಿನ ಚದರ ಒಂದೇ ಇದೆಯೇ ನೋಡಿ. ಮೂಲಪತ್ರ, 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಇ-ಖಾತಾ, ಕಂದಾಯ ರಸೀದಿ ಜೊತೆಗಿರಲಿ.

ಹೌಸಿಂಗ್ ಫೈನಾನ್ಸ್ ಕಂಪನಿಗಳು ಬೇಗ ಕೊಡುತ್ತವೆ. ಬಿ ಖಾತಾಕ್ಕೂ (ನಿಯಮ ಪೂರ್ತಿ ಪಾಲಿಸದ ಸೈಟುಗಳ ಖಾತೆ) ಕೆಲವು ಕೊಡುತ್ತವೆ. ಆ ಸಲೀಸಿಗೆ ಬೆಲೆ ಇದೆ: 33.6 ಲಕ್ಷಕ್ಕೆ 20 ವರ್ಷದ ಅವಧಿಯಲ್ಲಿ 8.5% ಬದಲು 10.5% ಬಡ್ಡಿಯಾದರೆ ತಿಂಗಳ ಕಂತು ಸುಮಾರು 4,400 ರೂ. ಹೆಚ್ಚು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ (ಬಡ್ಡಿ ಬದಲಾಗುವ) ಗೃಹಸಾಲ ರೆಪೊದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಕಟ್ಟುಬಿದ್ದಿದೆ, ಮೂರು ತಿಂಗಳಿಗೊಮ್ಮೆಯಾದರೂ ಪರಿಷ್ಕರಣೆ ಆಗಲೇಬೇಕು. ಫೈನಾನ್ಸ್ ಕಂಪನಿಯ ದರ ಅದರದೇ ಲೆಕ್ಕ. ಇಳಿಸಿಕೊಳ್ಳಲು ನೀವೇ ಕೇಳಬೇಕು, ಶುಲ್ಕವನ್ನೂ ಕಟ್ಟಬೇಕಾಗುತ್ತದೆ.

ಪತ್ತಿನ ಸಹಕಾರ ಸೊಸೈಟಿ ಲಿಫ್ಟು, ಪೇಂಟಿನಂಥ ಕೊನೆಯ ಖರ್ಚಿಗೆ ಸಾಕು. ಸಾಲ ತೀರಿದ 30 ದಿನದೊಳಗೆ ಆಸ್ತಿ ಪತ್ರ ಮರಳಿಸದಿದ್ದರೆ ಸಾಲಗಾರನಿಗೆ ದಿನಕ್ಕೆ 5,000 ರೂ. ಪರಿಹಾರ ಎಂಬ ರಿಸರ್ವ್ ಬ್ಯಾಂಕ್ ನಿಯಮ ಅದಕ್ಕೆ ಅನ್ವಯಿಸದು.

ಬಾಡಿಗೆಯಿಂದಲೇ ಕಂತು ಕಟ್ಟುವವರಿಗೆ ಸ್ಟೇಟ್ ಬ್ಯಾಂಕಿನ ಮ್ಯಾಕ್ಸ್‌ಗೇನ್‌ನಂಥ ಓವರ್‌ಡ್ರಾಫ್ಟ್ ಗೃಹಸಾಲ ಹೇಳಿ ಮಾಡಿಸಿದ್ದು; ಸಾಲದ ಖಾತೆಯಲ್ಲಿಟ್ಟ ಹಣದಷ್ಟಕ್ಕೆ ಬಡ್ಡಿ ಬೀಳುವುದಿಲ್ಲ. ಮೂರು ಮನೆಯಿಂದ ತಲಾ ಒಂದೂವರೆ ಲಕ್ಷ ಅಡ್ವಾನ್ಸ್ ಬಂದರೆ ಆ 4.5 ಲಕ್ಷವನ್ನು ಸಾಲದ ಖಾತೆಯಲ್ಲೇ ಇಡಿ. 8.5%ರಲ್ಲಿ ವರ್ಷಕ್ಕೆ 38 ಸಾವಿರದಷ್ಟು ಬಡ್ಡಿ ಉಳಿಯುತ್ತದೆ, ಬಾಡಿಗೆದಾರರು ಮನೆ ಬಿಟ್ಟ ದಿನ ಅದೇ ಹಣ ತೆಗೆದು ಕೊಡಬಹುದು.